ದರಿಯಾ ದೌಲತ್ತಿನ ದಾರಿಯಲ್ಲಿ ಎಷ್ಟೊಂದು ಕಾಫಿ

ನನ್ನ ಸೋದರತ್ತೆ ಹುಟ್ಟಿ ಬೆಳೆದದ್ದು ಕಿರಂಗೂರಿನಲ್ಲಿ, ಶ್ರೀರಂಗಪಟ್ಟಣದ ಮಗ್ಗುಲಲ್ಲೇ. ಆದರೂ ಅಲ್ಲಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ನೋಡಿರಲಿಲ್ಲ. ಶಾಲೆಯವರು ಕರೆದುಕೊಂಡು ಹೋದ ದಿನ ಅವಳಿಗೆ ಜ್ವರ. ಆಮೇಲೆ ಕೆ.ಆರ್. ಪೇಟೆಗೆ ಮದುವೆಯಾಗಿ ಹೋದಳು. ಮೊಮ್ಮಕ್ಕಳಾದರೂ, ಅವತ್ತು ನೋಡಿ ಬಂದವರ ಮೇಲಿನ ಹೊಟ್ಟೆಯುರಿ ಆರಲಿಲ್ಲ.

ಹೋದ ವರ್ಷ ಕಿರಂಗೂರಿನ ನಮ್ಮ ಮನೆಗೆ ಬಂದವಳೇ, "ಈ ಸಲ ತೋರಿಸ್ನಿಲ್ಲ ಅಂದ್ರೆ ನಿನ್ನ ಮಾತಾಡ್ಸಕಿಲ್ಲ ಕಣ್ಲಾ" ಎಂದಳು. ಬೆಳಿಗ್ಗೆಯೇ ಸ್ಕೂಟರ್ ಹತ್ತಿಸಿದೆ.

ಮೊದಲು ದೇವರಿಗೆ ಕೈಮುಗಿಯೋಣವೆಂದು ಕೋಟೆಯೊಳಗೆ ತಿರುಗಿಸಿ ಕೆಟ್ಟೆ. ಗುಡಿಯ ಹಿಂದಿನ ಬೀದಿಯಲ್ಲಿ ಅವಳ ಹಳೇ ಗೆಳತಿ ಸಿಕ್ಕಳು. ನಮ್ಮ ಕಡೆ ಗುರುತಿನವರ ಮನೆ ಮುಂದೆ ಹಾದು ಒಳಗೆ ಹೋಗದಿದ್ದರೆ ಅವಮಾನ, ಹೋಗಿ ಏನೂ ಮುಟ್ಟದಿದ್ದರೆ ಜಗಳ. ಉಪ್ಪಿಟ್ಟು, ಕಾಫಿ, ಕುಂಕುಮ ಎಲ್ಲ ಆಯಿತು. ಹೊರಗೆ ಬಂದರೆ ಎದುರು ಮನೆ ಬಾಗಿಲಲ್ಲಿ ಗೆಳತಿಯ ನಾದಿನಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅವರ ಮನೇಲಿ ಮಾತ್ರ ತಿಂತೀರಾ?"

ಮತ್ತೆ ಕಾಫಿ. ಬೀದಿ ಮುಗಿಯುವಷ್ಟರಲ್ಲಿ ಅತ್ತೆಯ ಹಣೆ ಪೂರ್ತಿ ಕೆಂಪಾಗಿತ್ತು. ಹಳೇ ಅರಮನೆ, ಕೋಟೆ ಗೋಡೆ ಯಾವುದನ್ನೂ ನಾವು ಕಣ್ಣೆತ್ತಿ ನೋಡಲಿಲ್ಲ. ಅಲ್ಲಿಂದ ಮುಂದೆ, ಪಕ್ಕದ ಗಂಜಾಮಿನಲ್ಲಿ ಇನ್ಯಾರೋ ಹಿಡಿದು ಮುದ್ದೆ ಊಟ ಹಾಕಿದರು.

"ಸಾಕು ಅನ್ನು ಅತ್ತೆ!" ಎಂದು ರೇಗಿದೆ.

"ಎಂಗ್ಲಾ ಅನ್ನದು? ಬೇಜಾರ್ ಮಾಡ್ಕತಾರೆ."

ದರಿಯಾ ದೌಲತ್ತಿಗೆ ಬಂದಾಗ ಸಂಜೆಯಾಗಿ ಗೇಟು ಹಾಕುತ್ತಿದ್ದರು. ಅತ್ತೆಯ ಕಣ್ಣು ತುಂಬಿತು. ನನಗೆ ಇಡೀ ಪಟ್ಟಣದ ಮೇಲೆ ಸಿಟ್ಟು ಬಂತು. ಗೇಟಿನ ಕಾವಲುಗಾರನಿಗೆ ಪಾಪ ಅನ್ನಿಸಿರಬೇಕು.

"ಯಾವೂರವ್ವಾ?" ಎಂದ.

"ಕೆ.ಆರ್. ಪೇಟೆ ಕಣಪ್ಪ."

"ಅಯ್ಯೋ, ನಮ್ಮನೆಯವ್ಳೂ ಅಲ್ಲಿಯವ್ಳೇ! ಮನೆ ಇಲ್ಲೇ ಅದೆ. ಕಾಪಿ ಕುಡ್ಕಂಡೋಗಿ, ಬನ್ನಿ."

ಕೈಮುಗಿದು ಬೇಡವೆನ್ನಲು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಣ್ಣೊರೆಸಿಕೊಂಡು ಹೊರಟಿದ್ದಳು.

ಅವನ ಮನೆಯ ಗೋಡೆ ತುಂಬ ಮದುವೆ ಫೋಟೋಗಳು. ಲೋಟ ಹಿಡಿದು ಒಂದೊಂದನ್ನೇ ನೋಡುತ್ತಿದ್ದ ಅತ್ತೆ ಒಂದು ಕಡೆ ಕಿರುಚಿದಳು.

"ಲೇ, ಇವ್ಳು ನಾನು ಕಣ್ಲಾ!"

ಕಾವಲುಗಾರನ ಮದುವೆಯೂಟದ ಫೋಟೋ ಅದು. ಮೂಲೆಯಲ್ಲಿ, ಕಪ್ಪು ಕೂದಲಿನ ನಮ್ಮತ್ತೆ ಸಾರಿನ ಬಕೆಟ್ ಹಿಡಿದು ಯಾರನ್ನೋ ಬೈಯುತ್ತಿದ್ದಾಳೆ. ಹೆಣ್ಣಿನ ಕಡೆಯವಳಾಗಿ ಬಡಿಸಲು ಹೋಗಿದ್ದಳಂತೆ. ಕಾವಲುಗಾರನ ಹೆಂಡತಿ ಅವಳನ್ನು ತಬ್ಬಿಕೊಂಡು ಇನ್ನೊಂದು ಲೋಟ ಕಾಫಿ ತಂದಳು. ನಾನೂ ಸುಮ್ಮನೆ ಕುಡಿದೆ.

ಮನೆಗೆ ಬಂದಾಗ ಅಮ್ಮ, "ಗೋಡೆಚಿತ್ರ ಎಂಗಿದ್ವು?" ಎಂದು ಕೇಳಿದಳು.

ಅತ್ತೆ ಸೆರಗು ಸರಿಮಾಡಿಕೊಂಡಳು.

"ಬಲು ಚೆನ್ನಾಗವೆ ಅತ್ಗೆ. ನಂದೂ ಆಕವ್ರೆ."