ಕುಶನ್ ಕಾಕಾ ಮತ್ತು ಅಪ್ಪನ ಕಡೆಯ ಸೆರಗು

ಹೋದ ತಿಂಗಳು ನನ್ನ ಅಕ್ಕನ ಮಗ ಹೊಸ ಗಾಡಿ ತಂದ. ಇಳಕಲ್ಲಿನ ನಮ್ಮ ಮನೆಯ ಮುಂದೆ ನಿಲ್ಲಿಸಿ, ‘ಮಾಮಾ, ಒಳಗ ಕುಂತು ನೋಡು’ ಎಂದ. ಹತ್ತಿ ಕೂತೆ. ಜೀಪಿನಷ್ಟು ಎತ್ತರ, ಕಾರಿನಷ್ಟು ಮೆತ್ತಗೆ. ಇಂಥದ್ದಕ್ಕೆ ಈಗ ಕ್ರಾಸ್‌ಓವರ್ ಎನ್ನುತ್ತಾರಂತೆ. ಎದುರಿಗೆ ಟೀವಿಯಂಥ ಪರದೆ, ಬಾಗಿಲಿನ ಅಂಚಿಗೆ ನೀಲಿ ದೀಪದ ಗೆರೆ, ಎರಡು ಬಣ್ಣದ ಡ್ಯಾಶ್‌ಬೋರ್ಡ್. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಸಾಲಾಗಿ ಚಂದದ ಹೊಲಿಗೆ ಕಾಣುತ್ತಿತ್ತು. ಹಳೆಯ ಚಾಳಿ, ಹೆಬ್ಬೆರಳಿನಿಂದ ಸವರಿದೆ. ನೂಲು ಬೆರಳಿಗೆ ಸಿಗಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಹೊಲಿಗೆಯ ಅಚ್ಚು ಒತ್ತಿದ್ದರು, ಅಷ್ಟೆ. ನಕ್ಕುಬಿಟ್ಟೆ. ಹುಡುಗನಿಗೆ ಬೇಸರವಾಯಿತೋ ಏನೋ. ಇದನ್ನು ಕುಶನ್ ಕಾಕಾ ನೋಡಿದ್ದರೆ ಏನೆನ್ನುತ್ತಿದ್ದರು ಎಂಬುದು ತಲೆಗೆ ಬಂದು, ಆ ಸೀಟಿನಿಂದ ಬೇಗ ಏಳಲು ಮನಸ್ಸಾಗಲಿಲ್ಲ...

ಅವರಿಗೆ ಒಂದು ಹೆಸರಿತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಹಳೆಯ ಬಾಗಲಕೋಟೆಯ ಪೇಟೆಯಲ್ಲಿ, ಒಂದು ಓಣಿಯ ತುದಿಗೆ ಅವರ ಅಂಗಡಿ. ಜೀಪು, ಟೆಂಪೊ, ಮದುವೆಗೆ ಬಾಡಿಗೆ ಹೋಗುವ ಕಾರು, ಮೇಷ್ಟ್ರ ಸ್ಕೂಟರು, ಒಟ್ಟಿನಲ್ಲಿ ಮನುಷ್ಯ ಕೂಡುವ ಜಾಗವಿರುವ ಯಾವುದೇ ಗಾಡಿಯ ಸೀಟು ಹರಿದರೆ ಅವರಲ್ಲಿಗೆ ಬರುತ್ತಿತ್ತು. ಸಣ್ಣ ಆಳು, ಬಿಳಿ ಪೈಜಾಮ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ಎಂಥ ಅವಸರದ ಗಿರಾಕಿ ಬಂದರೂ ಕತ್ತರಿ ಹಿಡಿಯುವ ಮುನ್ನ ಅವರದೊಂದು ಪದ್ಧತಿ ಇತ್ತು. ಚಹಾ ತರಿಸಿಕೊಂಡು, ಗಾಡಿಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಪ್ರತಿಯೊಂದು ಸೀಟಿನಲ್ಲೂ ಸ್ವಲ್ಪ ಹೊತ್ತು ಕೂಡುವುದು. ಮಾತಿಲ್ಲ, ಕತೆಯಿಲ್ಲ. ಒಂದು ಸೀಟಿಗೆ ನಾಲ್ಕು ಗುಟುಕು. ಏಳು ಸೀಟಿನ ಗಾಡಿಯಾದರೆ ಒಂದು ಕಪ್ಪು ಸಾಲುತ್ತಿರಲಿಲ್ಲ, ಎರಡನೆಯದಕ್ಕೆ ಗಿರಾಕಿಯೇ ಹೋಟೆಲಿಗೆ ಓಡಬೇಕಾಗಿತ್ತು.

ಹಾಗೆ ಓಡಿದವರಲ್ಲಿ ನಾನೂ ಒಬ್ಬ. ನಮ್ಮದು ನೇಕಾರರ ಮನೆ. ಅಪ್ಪ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಇಳಕಲ್ ಸೀರೆ ನೇಯ್ದವನು. ಮೊಣಕಾಲು ಸೋತು ಕೈ ನಿಂತಾಗ, ‘ನೀ ಕುಂಡ್ರತೀಯೇನು?’ ಎಂದು ನನ್ನನ್ನು ಒಂದೇ ಸಲ ಕೇಳಿದ. ನಾನು ಒಲ್ಲೆ ಎಂದೆ. ಮಗ್ಗ ಬಿಚ್ಚಿದೆವು. ಕುಣಿಗೆ ಮಣ್ಣು ತುಂಬಿ ನೆಲ ಸಮ ಮಾಡಿದವನೂ ನಾನೇ. ಅಂದಿನಿಂದ ಅಪ್ಪ ನನ್ನ ಜೊತೆ ಊಟ, ನೀರು, ಕರೆಂಟು ಹೋದದ್ದು, ಬಂದದ್ದು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನೊಂದು ಹಳೆಯ ಗಾಡಿ ತಂದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರವಾಸಿಗಳನ್ನು ಕರೆದೊಯ್ಯುವ ಧಂದೆ ಮಾಡಬೇಕೆಂಬ ಲೆಕ್ಕಾಚಾರ. ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ ಎಂಬಂಥ ಗಾಡಿ ಅದು. ನಮ್ಮ ಓಣಿಯ ಮಂದಿ ಅದಕ್ಕೆ ‘ಹೇಸರಗತ್ತಿ’ ಎಂದು ಹೆಸರಿಟ್ಟರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ, ನನ್ನ ಕಣ್ಣಿಗೆ ಅದರ ಮೂಗು, ಭುಜ, ಹಿಂಬದಿ ಎಲ್ಲ ಸುಂದರವಾಗಿಯೇ ಇತ್ತು. ಒಳಗೆ ಮಾತ್ರ ಹಾಳುಬಿದ್ದ ಟಾಕೀಸಿನ ಹಾಗಿತ್ತು. ಸೀಟಿನಿಂದ ಸ್ಪ್ರಿಂಗು ಇಣುಕುತ್ತಿತ್ತು, ತಲೆಯ ಮೇಲಿನ ಬಟ್ಟೆ ಜೋತುಬಿದ್ದಿತ್ತು. ಇದನ್ನು ಮದುವಣಗಿತ್ತಿಯಂತೆ ಮಾಡಿಸಬೇಕು, ಒಂದು ದಿನ ಅಪ್ಪ ತಾನಾಗಿ ಬಂದು ಇದರಲ್ಲಿ ಕೂಡಬೇಕು. ಆಗ ನನಗಿದ್ದ ಆಸೆ ಇದೊಂದೇ. ಅಪ್ಪ ಆ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತರೆ ಅದಕ್ಕೆ ಬೆನ್ನು ಹಾಕಿ ಕೂಡುತ್ತಿದ್ದ.

ಗಾಡಿಯನ್ನು ಕಾಕಾ ಅಂಗಡಿಗೆ ಒಯ್ದೆ. ಎರಡು ಕಪ್ಪು ಚಹಾ ಮುಗಿಸಿ ಹೊರಗೆ ಬಂದವರು ಕೇಳಿದ್ದು ಬಣ್ಣವನ್ನಲ್ಲ, ರೆಕ್ಸಿನ್ನಿನ ದರ್ಜೆಯನ್ನಲ್ಲ. ‘ಇದರಾಗ ಕುಂತಾವರು ಏನ ನೋಡ್ತಾರ ತಮ್ಮಾ?’ ಎಂದು ಕೇಳಿದರು. ಗುಡಿ ನೋಡುತ್ತಾರೆ, ಬಾದಾಮಿಯ ಗುಡ್ಡ ನೋಡುತ್ತಾರೆ ಎಂದೆ. ನಡುವಿನ ಸೀಟನ್ನು ಎರಡು ಬೆರಳು ಎತ್ತರಿಸಿದರು, ಕುಳ್ಳಗಿನವರಿಗೂ ಕಿಟಕಿಯಿಂದ ಗುಡ್ಡದ ತಲೆ ಕಾಣಲಿ ಎಂದು. ಬಾಗಿಲಿನ ಒಳಗಡೆ ಫಳಫಳ ಹೊಳೆಯುವ ರೆಕ್ಸಿನ್ ಬೇಕೆಂದು ನಾನು ಹಟ ಹಿಡಿದರೆ, ಬಿಸಿಲು ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ ಎಂದು ಮಣ್ಣಿನ ಬಣ್ಣದ ಮಬ್ಬು ಬಟ್ಟೆ ಹಚ್ಚಿದರು. ನನಗೆ ಒಳಗೊಳಗೆ ಸಿಟ್ಟು. ಮೆರುಗೆಲ್ಲ ಹೋಗಿ ಗಾಡಿ ಸಪ್ಪಗಾಯಿತು ಎನಿಸಿತು. ಆಗಲೇ ನನಗೆ ಆ ಬುದ್ಧಿವಂತಿಕೆ ಹೊಳೆದದ್ದು.

ಅಪ್ಪ ಮಗ್ಗದಿಂದ ಇಳಿಸಿದ ಕಡೆಯ ಸೀರೆ ಮನೆಯ ಟ್ರಂಕಿನಲ್ಲಿತ್ತು. ಕಪ್ಪು ಒಡಲು, ಕೆಂಪು ರೇಷ್ಮೆಯ ಸೆರಗು, ಸೆರಗಿನ ಮೇಲೆ ಬಿಳಿಯ ತೆನೆಗಳ ಸಾಲು. ಅವ್ವ ಅದನ್ನು ಉಟ್ಟಿರಲಿಲ್ಲ, ಮಾರಲೂ ಬಿಟ್ಟಿರಲಿಲ್ಲ. ಆ ಸೆರಗನ್ನೇ ಗಾಡಿಗೆ ಹಾಕಿಸಿದರೆ ಇಳಕಲ್ಲಿನ ಗಾಡಿ ಎಂದು ನಾಲ್ಕು ಮಂದಿ ತಿರುಗಿ ನೋಡುತ್ತಾರೆ, ತಾನು ನೇಯ್ದದ್ದನ್ನು ನೋಡಿ ಅಪ್ಪನೂ ಕರಗುತ್ತಾನೆ. ‘ಗಾಡಿಗೆ ಹಾಕಸ್ತೇನಿ, ಅಪ್ಪಗ ಖುಷಿ ಆಗ್ತೈತಿ’ ಎಂದು ಅವ್ವನನ್ನು ಪುಸಲಾಯಿಸಿ ಸೀರೆ ತೆಗೆದುಕೊಂಡು ಹೋದೆ. ಗಾಡಿಯ ಯಾವ ಭಾಗಕ್ಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಡುವಿನ ಸೀಟಿಗೆ ಹಾಕಿರಿ ಎಂದೆ. ಕಾಕಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. ‘ಇದು ಸೀಟಿಗೆ ಅನ್ನೂದು ನಿಮ್ಮಪ್ಪಾರಿಗೆ ಗೊತ್ತೈತೇನು?’ ಎಂದರು. ಹೂಂ ಎಂದೆ. ಅಷ್ಟು ಸಲೀಸಾಗಿ ನಾನು ಅದಕ್ಕೂ ಮೊದಲು ಸುಳ್ಳು ಹೇಳಿದ ನೆನಪಿಲ್ಲ. ಅವರು ಮತ್ತೆ ಕೇಳಲಿಲ್ಲ. ಆದರೆ ಸೀರೆಗೆ ಕತ್ತರಿ ಹಾಕಲಿಲ್ಲ. ಒಡಲನ್ನು ಮಡಿಸಿ ಸೀಟಿನ ಕೆಳಗೆ ಸೇರಿಸಿ, ಸೆರಗನ್ನು ಮಾತ್ರ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ಒಳಗೆ ಸಿಕ್ಕಿಸಿದರು. ಮೂಲೆಯಲ್ಲಿ ಸುಕ್ಕು ಬಂತು. ನಾನು ಮುಖ ಸಿಂಡರಿಸಿದೆ. ‘ಸುಕ್ಕು ಇರಲಿ ತಮ್ಮಾ. ಕತ್ತರಸಿದ್ದು ಹಿಂದಕ ಬರಂಗಿಲ್ಲ’ ಎಂದರು.

ಕಮತಗಿ, ಹುನಗುಂದ ದಾಟಿ ಇಳಕಲ್ಲಿಗೆ ಬರುವವರೆಗೂ ನಾನು ನೆಲದ ಮೇಲಿರಲಿಲ್ಲ. ಓಣಿಗೆ ಓಣಿಯೇ ಗಾಡಿಯ ಸುತ್ತ ಸೇರಿತು. ಗದ್ದಲ ಕೇಳಿ ಅಪ್ಪ ಕಟ್ಟೆಯಿಂದ ಎದ್ದು ಬಂದ. ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದ. ‘ಸೆರಗಿನ ಮ್ಯಾಲ ಮಂದೀನ ಕುಂಡ್ರಸ್ತೀಯೇನಲೇ?’ ಎಂದ. ಜೋರಾಗಿ ಅಲ್ಲ, ಮೆಲ್ಲಗೆ. ಬಾಗಿಲನ್ನೂ ಮೆಲ್ಲಗೇ ಮುಚ್ಚಿ ಒಳಗೆ ಹೋದ. ಸೇರಿದ್ದ ಮಂದಿ ಒಬ್ಬೊಬ್ಬರಾಗಿ ಕರಗಿದರು. ಅವರೆಲ್ಲ ನೇಕಾರರೇ, ಅಪ್ಪ ಹೇಳಿದ್ದು ಅವರಿಗೂ ತಿಳಿದಿತ್ತು. ನಮ್ಮಲ್ಲಿ ಸೆರಗನ್ನು ಹೆಂಗಸರು ತಲೆಯ ಮೇಲೆ ಹೊರುತ್ತಾರೆ, ಹಸುಗೂಸನ್ನು ಅದರಲ್ಲಿ ಸುತ್ತಿಕೊಳ್ಳುತ್ತಾರೆ, ಉಡಿ ತುಂಬಿಸಿಕೊಳ್ಳುವಾಗ ಅದನ್ನೇ ಒಡ್ಡುತ್ತಾರೆ. ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಕುಂಡಿಯ ಕೆಳಗೆ ಹಾಸಿಸಿಕೊಂಡು ಬಂದಿದ್ದೆ. ಆ ಮೇಲೆ ಅಪ್ಪ ನೀರು, ಕರೆಂಟಿನ ಮಾತನ್ನೂ ನಿಲ್ಲಿಸಿದ. ಅವ್ವ ನಡುವೆ ನಿಂತು, ‘ಅಪ್ಪ ಉಂಡೀಯೇನು ಅಂತ ಕೇಳ್ತಾನ’ ಎಂದು ತಾನೇ ಹುಟ್ಟಿಸಿ ಹೇಳುತ್ತಿದ್ದಳು ಪಾಪ...

ನಾನು ಸಿಟ್ಟು ಹೊತ್ತುಕೊಂಡು ಹೋದದ್ದು ಕಾಕಾ ಅಂಗಡಿಗೆ. ‘ನೀವು ಹಿರ್ಯಾರು, ನನಗ ಹೇಳಬೇಕಿತ್ತಿಲ್ರಿ?’ ಎಂದು ನಾಲ್ಕು ಗಿರಾಕಿಗಳ ಮುಂದೆ ಕೂಗಾಡಿದೆ. ಅವರು ಮಶೀನು ನಿಲ್ಲಿಸಿ, ‘ಕೇಳಿದ್ನಲ್ಲಪಾ, ನೀ ಹೂಂ ಅಂದಿ’ ಎಂದರು. ಬೇರೆ ಯಾರಾದರೂ ಅಲ್ಲಿಗೇ ನನ್ನನ್ನು ಹೊರಗೆ ಹಾಕುತ್ತಿದ್ದರು. ಅವರು ಚಹಾ ತರಿಸಿದರು, ಅವತ್ತು ನನಗೂ ಸೇರಿಸಿ. ನಾನು ಎಲ್ಲವನ್ನೂ ಹೇಳಿಕೊಂಡೆ. ಮಗ್ಗ, ಕುಣಿ, ಮಣ್ಣು ತುಂಬಿದ್ದು, ಅಪ್ಪ ಬೆನ್ನು ಹಾಕಿ ಕೂಡುವುದು. ಹೇಳುತ್ತ ಅತ್ತೆ ಕೂಡ. ಅವರು ಎದ್ದು, ತಮ್ಮ ಕಪ್ಪು ಹಿಡಿದುಕೊಂಡು ನನ್ನ ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಬರಲಿಲ್ಲ. ಬಗ್ಗಿ ನೋಡಿದರೆ ಕತ್ತು ಮೇಲೆತ್ತಿ ಗಾಡಿಯ ಸೂರನ್ನೇ ನೋಡುತ್ತ ಕೂತಿದ್ದರು. ‘ಸೆರಗಿನ ಜಾಗಾ ಮ್ಯಾಲ ಐತಿ’ ಎಂದರು ಹೊರಗೆ ಬಂದು.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಜೋತುಬಿದ್ದ ಹಳೆಯ ಬಟ್ಟೆ ಕಿತ್ತು, ಸೂರಿಗೆ ಹೊಸ ಒಳಪದರ ಕೂಡಿಸಿದರು. ಸೀರೆಯ ಒಡಲನ್ನು ಒಳಪದರದ ಮೇಲುಗಡೆ ಮಡಿಸಿಟ್ಟು, ಸೆರಗನ್ನು ಕೆಳಮುಖವಾಗಿ ಹರಡಿ, ಅಂಚುಗಳನ್ನು ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳಿಂದ ಒತ್ತಿ ಹಿಡಿಸಿದರು. ಸ್ಕ್ರೂ ಬಿದ್ದದ್ದು ಪಟ್ಟಿಯ ಚಾಚಿದ ತುದಿಗೆ ಮಾತ್ರ, ರೇಷ್ಮೆಗೆ ಸೂಜಿ ಸಹ ತಾಗಲಿಲ್ಲ. ನಡುವೆ ಇದ್ದ ದೀಪದ ಬಿಸಿ ರೇಷ್ಮೆಗೆ ಬಡಿಯಬಾರದೆಂದು ಅದನ್ನು ತೆಗೆದು ಬಾಗಿಲಿನ ಕಂಬಕ್ಕೆ ಕೂಡಿಸಿದರು. ಸೀಟುಗಳಿಗೆ ಸಾದಾ ಬೂದು ಬಟ್ಟೆ. ಒಳಗೆ ಕೂತು ಮೇಲೆ ನೋಡಿದರೆ ಕೆಂಪಿನ ನಡುವೆ ಬಿಳಿಯ ತೆನೆ ಎದ್ದು ಕಾಣುತ್ತಿತ್ತು. ಆಗಲೇ ನನಗೆ ಗೊತ್ತಾದದ್ದು, ಗಾಡಿಯ ಉಳಿದದ್ದೆಲ್ಲ ಸಪ್ಪಗಿದ್ದುದರಿಂದಲೇ ಅದು ಹಾಗೆ ಕಾಣುತ್ತಿದೆ ಎಂದು.

ಮನೆಗೆ ತಂದಾಗ ಮೊದಲು ಹತ್ತಿದವಳು ಅವ್ವ. ಮೇಲೆ ನೋಡಿದಳು, ತನ್ನ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು, ಆಮೇಲೆ ಒಳಗಿದ್ದ ಅಪ್ಪನನ್ನು ಕರೆದಳು. ಅವಳು ಮೂರು ಸಲ ಕರೆದ ಮೇಲೆ ಅಪ್ಪ ಬಂದ. ಒಂದು ಕಾಲು ಹೊರಗೆ ಬಿಟ್ಟುಕೊಂಡೇ ಕೂತ. ಹೆಬ್ಬೆರಳಿನಿಂದ ಸೆರಗಿನ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದ. ತೂತು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಕೊನೆಗೆ ಇನ್ನೊಂದು ಕಾಲನ್ನೂ ಒಳಗೆ ಎಳೆದುಕೊಂಡ. ‘ಯಾರ ಮಾಡ್ಯಾರಿದನ? ಅವರ ಕಡೆ ಕರಕೊಂಡು ನಡಿ’ ಎಂದ.

ಹೀಗೆ ನನ್ನ ಗಾಡಿಯಲ್ಲಿ ಅಪ್ಪನ ಮೊದಲ ಪ್ರಯಾಣ ಆದದ್ದು ಕುಶನ್ ಕಾಕಾ ಅಂಗಡಿಗೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಅಪ್ಪ, ‘ಮಗ್ಗ ಬಿಚ್ಚಿದ ಮ್ಯಾಲ ನನ್ನ ಕೆಲಸಾನ ಇಷ್ಟು ಕಾಳಜೀಲೆ ಯಾರೂ ಮುಟ್ಟಿದ್ದಿಲ್ರಿ’ ಎಂದ. ಕಾಕಾ ನನ್ನ ಕಡೆ ನೋಡಲೇ ಇಲ್ಲ. ‘ನಂದೇನೈತ್ರಿ ಅದರಾಗ. ಸೀಟಿಗೆ ಬ್ಯಾಡ, ಮ್ಯಾಲ ಹಾಕ್ರಿ ಅಂತ ಹೇಳಿದಾವ ನಿಮ್ಮ ಮಗಾನ. ನೇಕಾರನ ತಲಿ ಅದು, ನಮಗೆಲ್ಲಿ ಹೊಳೀತೈತಿ’ ಎಂದರು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತು. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಮುಂದಿನ ಏಳೆಂಟು ವರ್ಷ ಅಪ್ಪ ನನ್ನ ಪಕ್ಕದ ಸೀಟು ಬಿಡಲಿಲ್ಲ. ಬಾದಾಮಿಯ ಗುಡ್ಡ, ಐಹೊಳೆಯ ಗುಡಿಗಳನ್ನು ಅವನು ಸರಿಯಾಗಿ ನೋಡಿದ್ದೇ ಆಗ. ಪ್ರವಾಸಿಗಳು ಮೇಲೆ ನೋಡಿ ಬೆರಗಾದರೆ ಸಾಕು, ಕನ್ನಡ ಬರಲಿ ಬಿಡಲಿ, ಹಿಂದೆ ತಿರುಗಿ, ‘ನೇದಾವ ನಾ, ವಿಚಾರ ನನ್ನ ಮಗಂದು’ ಎಂದು ಹೇಳುತ್ತಿದ್ದ. ಸ್ಟೇರಿಂಗ್ ಹಿಡಿದ ನನ್ನ ಕಿವಿ ಬಿಸಿಯಾಗುತ್ತಿತ್ತು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುವುದರಲ್ಲೇ ಅಪ್ಪ ಹೋದ. ಹಾಗೆ ನಂಬಿಕೊಂಡೇ ಹೋದ.

ಅಷ್ಟರಲ್ಲಿ ಆಣೆಕಟ್ಟಿನ ಹಿನ್ನೀರು ಬಂದು ಕಾಕಾ ಇದ್ದ ಓಣಿ ಖಾಲಿಯಾಗಿ, ಅಂಗಡಿ ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋಗಿತ್ತು. ಅಪ್ಪನ ದಿನಕರ್ಮ ಮುಗಿಸಿ ಕೆಲವು ತಿಂಗಳ ಮೇಲೆ ಹುಡುಕಿಕೊಂಡು ಹೋದೆ. ಅವರಿಗೆ ಕೈ ಮುಗಿಯಬೇಕಿತ್ತು. ಮಶೀನಿನ ಮುಂದೆ ಅವರ ಮಗಳು ಕೂತಿದ್ದಳು. ಕಾಕಾ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು. ನನಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದಷ್ಟು ನಾನು ಅವರಿಗೆ ಯಾರು... ಇಳಕಲ್ಲಿನ ಗಾಡಿ ಎನ್ನುತ್ತಲೇ ಅವಳು ಎದ್ದು ಬಂದು, ಬಾಗಿಲು ತೆರೆದು ಮೇಲೆ ನೋಡಿದಳು. ‘ಸೆರಗಿನ ಗಾಡಿ ಇದ ಏನ್ರಿ? ನಮ್ಮಪ್ಪ ಭಾಳ ಸಲ ಹೇಳ್ತಿದ್ರು. ಇಳಕಲ್ಲಿನ ಹುಡುಗಂದು ಎಂಥಾ ವಿಚಾರ ಅಂತ.’

‘ಇಲ್ಲವ್ವಾ, ಅದು ನಿಮ್ಮಪ್ಪಾರ ವಿಚಾರ’ ಎಂದೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ನಾನು ದೊಡ್ಡಸ್ತಿಕೆ ಬೇಡವೆಂದು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡಳೇನೋ, ನಕ್ಕಳು. ‘ನಮ್ಮಪ್ಪ ಸುಳ್ಳು ಹೇಳಾವರಲ್ರಿ ಅಣ್ಣಾರ’ ಎಂದಳು.

ಗಾಡಿ ಈಗಿಲ್ಲ. ಮಾರುವ ಮುನ್ನ ಪಟ್ಟಿ ಬಿಚ್ಚಿ ಸೀರೆಯನ್ನು ಇಳಿಸಿದೆ, ಅದು ಇಡಿಯಾಗಿಯೇ ಬಂತು. ಅಕ್ಕನ ಮಗ ಹೊಸ ಗಾಡಿಯಲ್ಲಿ ಕೂತು ಈ ಕತೆಯನ್ನೆಲ್ಲ ಕೇಳಿ, ‘ಹಂಗಾದ್ರ ಅಜ್ಜಗ ಕಡೀತನಕ ಗೊತ್ತಽ ಆಗಲಿಲ್ಲೇನು ಮಾಮಾ?’ ಎಂದು ಕೇಳಿದ. ಇಲ್ಲ ಎಂದೆ. ಅಪ್ಪ ನನ್ನ ಪಕ್ಕದಲ್ಲಿ ಕೂತ ಅಷ್ಟೂ ವರ್ಷಗಳನ್ನು ನನಗೆ ಕೊಟ್ಟವರು ಕುಶನ್ ಕಾಕಾ. ಅವರಿಗೆ ನಾನು ಒಂದು ಮಾತು ಹೇಳಲಿಲ್ಲ, ಅಪ್ಪನಿಗೆ ಖರೆ ಹೇಳಲಿಲ್ಲ. ಹೇಳಿದ ಒಬ್ಬಳು ನಂಬಲಿಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಆ ಸೆರಗನ್ನು ತಲೆಯ ಮೇಲೆ ಇಟ್ಟವರು ಅವರು. ಸೀಟಿಗೆ ಹಾಕಿಸಿದವನು ನಾನು.