ಕಾರಿನಲ್ಲಿ ಕೂರದ ನೆಬೀಸಕ್ಕ

ನಮ್ಮ ಕಾಣಿಯೂರಿನಲ್ಲಿ ಕಾರಿಲ್ಲದವರನ್ನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಅಂಗಡಿಯಿಂದ ಉಪ್ಪು ತರಲು ಕಾರು, ಕೂಗಿದರೆ ಕೇಳುವಷ್ಟು ಹತ್ತಿರದ ಮದುವೆಮನೆಗೂ ಕಾರು. ಆ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ. ನಾನು ವಸುಮತಿ, ಬೀಡಿ ಕಟ್ಟಿ ಬದುಕಿದವಳು. ನನ್ನ ಮನೆಗೂ ನೆಬೀಸಕ್ಕನ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಇದೆ, ಅಷ್ಟೆ.

ನೆಬೀಸಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ ಜಾಸಿರ್ ದುಬೈಯಲ್ಲಿದ್ದಾನೆ. ಅವನು ಕಳಿಸುವುದೆಲ್ಲ ಬರುವುದು ಗಂಡನ ತಮ್ಮ ಆದಂ ಕುಂಞಿಯ ಕೈಗೆ. ಅಕ್ಕಿ ಬೇಕಾದರೆ ಅವನ ಅಂಗಡಿಯ ಮುಂದೆ ನಿಲ್ಲಬೇಕು, ಮಾತ್ರೆ ಬೇಕಾದರೂ ಅವನನ್ನೇ ಕೇಳಬೇಕು. ಅವನು ಕೊಡುವುದಿಲ್ಲ ಎಂದಲ್ಲ, ಕೊಡುತ್ತಾನೆ. ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ "ಮೊನ್ನೆ ಕೊಂಡು ಹೋದದ್ದು ಎಂತ ಆಯ್ತು?" ಎಂದು ವಿಚಾರಿಸಿ ಕೊಡುತ್ತಾನೆ. ನೆಬೀಸಕ್ಕನ ಸ್ವಂತದ್ದು ಎಂದರೆ ಕೋಳಿಮೊಟ್ಟೆ ಮಾರಿದ ಚಿಲ್ಲರೆ ಮಾತ್ರ.

ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾದದ್ದು ಇಂಥ ಹೊತ್ತಿನಲ್ಲಿ. ಆಧಾರ್ ಕಾರ್ಡು ತೋರಿಸಿದರೆ ಮಂಗಳೂರು! ಅಲ್ಲಿಯವರೆಗೆ ನೆಬೀಸಕ್ಕನ ಪಾಲಿಗೆ ಮಂಗಳೂರು ಎಂದರೆ ದೊಡ್ಡಾಸ್ಪತ್ರೆ ಮತ್ತು ವಿಮಾನ ನಿಲ್ದಾಣ. ಗುರುವಾರ ಬೆಳಿಗ್ಗೆ ಅವರು ಉಳ್ಳಾಲದ ದರ್ಗಾಕ್ಕೆಂದು, ನಾನು ಕದ್ರಿ ದೇವಸ್ಥಾನಕ್ಕೆಂದು ಹೇಳಿ ಹೊರಡತೊಡಗಿದೆವು. ಹೇಳಿದ್ದು ಸುಳ್ಳಲ್ಲ, ಎರಡು ಕಡೆಗೂ ಹೋಗುತ್ತಿದ್ದೆವು. ಆಮೇಲೆ ಕಡಲ ಬದಿಗೆ. ಒಂದು ವಾರ ಬಂದರಿನಿಂದ ದೋಣಿ ಹತ್ತಿ ಬೆಂಗರೆಗೆ ದಾಟಿದರೆ, ಇನ್ನೊಂದು ವಾರ ಯಾವುದೋ ಸಿಟಿ ಬಸ್ಸಿನ ಕಿಟಕಿ ಬದಿ ಹಿಡಿದು ಅದು ಕೊನೆಗೆ ನಿಲ್ಲುವಲ್ಲಿಯವರೆಗೆ ಹೋಗಿ ಅದರಲ್ಲೇ ವಾಪಸು. ದೋಣಿಗೆ, ಸಿಟಿ ಬಸ್ಸಿಗೆ, ಒಂದು ತಟ್ಟೆ ಗೋಳಿಬಜೆಗೆ ಮೊಟ್ಟೆಯ ಚಿಲ್ಲರೆ ಸಾಕಾಗುತ್ತಿತ್ತು. ಮನೆಯಲ್ಲಿ ಬಾಯಿಯೇ ಇಲ್ಲದ ಹೆಂಗಸು ದೋಣಿಯಲ್ಲಿ ಮೀನುಬುಟ್ಟಿಯವರ ಜತೆ ಜಗಳವಾಡಿ ಅಂಚಿನ ಜಾಗ ಗಿಟ್ಟಿಸುತ್ತಿದ್ದರು.

"ಯಾರನ್ನೂ ಕೇಳ್ಲಿಕ್ಕಿಲ್ಲ ಅಲ್ವ ವಸುಮತಿ," ಎಂದು ಒಮ್ಮೆ ನೀರಿಗೆ ಕೈ ಇಳಿಬಿಟ್ಟುಕೊಂಡು ಹೇಳಿದ್ದರು. "ನಂಗೆ ಅದೇ ದೊಡ್ಡದು."

ಕಳೆದ ಸಲ ಜಾಸಿರ್ ರಜೆಯಲ್ಲಿ ಬಂದ. ಗಲ್ಫಿನಿಂದ ಬಂದವರು ಬಾಡಿಗೆ ಕಾರು ಇಟ್ಟುಕೊಂಡು ನೆಂಟರ ಮನೆಗಳನ್ನು ಸುತ್ತುವುದು ಇಲ್ಲಿನ ರೂಢಿ. ಇವನು ಸ್ವಂತದ್ದೇ ಒಂದು ಬಿಳಿ ಕಾರು ತೆಗೆದ. ತಾನು ಹೋದ ಮೇಲೆ ಅದರ ಕೀಲಿ ಆದಂ ಕುಂಞಿಯ ಬಳಿ ಎಂದೂ ನಿಶ್ಚಯಿಸಿದ. ಆ ಮಹಾಶಯ ಸುಮ್ಮನಿದ್ದಾನೆಯೇ? ನಮಾಜು ಮುಗಿದ ಮೇಲೆ ಪಳ್ಳಿಯ ಅಂಗಳದಲ್ಲಿ ನಾಲ್ಕು ಜನರ ಮುಂದೆಯೇ, "ನಿನ್ನ ಉಮ್ಮ ಫ್ರೀ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುದು ಮಾರಾಯ. ದುಬೈಯಲ್ಲಿ ಮಗ ಇದ್ದು ಎಂತ ಪ್ರಯೋಜನ?" ಎಂದು ಹತ್ತಿಸಿಕೊಟ್ಟ.

ಮರುದಿನವೇ ಜಾಸಿರ್ ತಾಯಿಗೆ ಮಂಗಳೂರು ತೋರಿಸಲು ಹೊರಟ. ಗಾಜು ಏರಿಸಿ, ಎಸಿ ಹಾಕಿ, ನೆಲದಡಿಯ ಕತ್ತಲೆಯಲ್ಲಿ ಕಾರು ನಿಲ್ಲಿಸಿ, ಒಂದು ಮಾಲಿನ ಒಳಗೆ ಮೇಲೆ ಕೆಳಗೆ ಅಲೆದಾಡಿಸಿದ. ದೋಣಿಗೆ ಹೋಗುವ ಎಂದರೆ "ಕಾರು ದೋಣಿಗೆ ಹತ್ತುದಿಲ್ಲ ಉಮ್ಮಾ" ಎಂದು ನಕ್ಕನಂತೆ. ಬರುವಾಗ ನೆಬೀಸಕ್ಕ ಹೊಸ ಸೀಟಿನ ಮೇಲೆಯೇ ವಾಂತಿ ಮಾಡಿದರು. ನನಗಂತೂ ಕೇಳಿ ಸಂತೋಷವೇ ಆಯಿತು.

ಮನೆಗೆ ಬಂದ ಮೇಲೆ ಅವರು, "ನಂಗೆ ಬಸ್ಸೇ ಸಾಕು" ಎಂದರು. ಮಗ ವಾದ ಮಾಡಲಿಲ್ಲ. ಬ್ಯಾಂಕಿನ ಕೆಲಸ ಉಂಟೆಂದು ಆಧಾರ್ ಕಾರ್ಡು ಕೇಳಿ ತೆಗೆದುಕೊಂಡ, ವಾಪಸು ಕೊಡಲಿಲ್ಲ. ಕೇಳಿದರೆ, "ನನ್ನ ಹತ್ರವೇ ಇರ್ಲಿ. ಎಲ್ಲಿಗೆ ಹೋಗುದಿದ್ರೂ ಆಪ್ಪನ ಹತ್ರ ಹೇಳಿ, ಕಾರು ಉಂಟಲ್ಲ" ಎಂದ. ಆಪ್ಪ ಎಂದರೆ ಅದೇ ಆದಂ ಕುಂಞಿ. ನೆಬೀಸಕ್ಕ ಅತ್ತರು, ಬೇಡಿದರು, ಒಂದು ಹೊತ್ತು ಅನ್ನ ಬಿಟ್ಟರು. ಕಾರ್ಡು ಮಾತ್ರ ಬರಲಿಲ್ಲ. ಹೊರಡುವ ಹಿಂದಿನ ದಿನ ಅವರು, "ಹಾಗಾದ್ರೆ ನಿನ್ನ ಕಾರಿಗೆ ನಾನು ಕಾಲಿಡುದಿಲ್ಲ" ಎಂದಾಗ ಅವನು ಕೊನೆಯ ಬಾಣ ಬಿಟ್ಟ: "ಹಾಗಾದ್ರೆ ಏರ್‌ಪೋರ್ಟಿಗೆ ಬರುದೇ ಬೇಡ."

ಗಲ್ಫಿಗೆ ಹೊರಡುವ ಮಗನ ತಲೆಯ ಮೇಲೆ ತಾಯಿ ಕೈಯಿಟ್ಟು ದುಆ ಮಾಡದೆ ಅವನನ್ನು ಬೀಳ್ಕೊಡುವ ಪದ್ಧತಿ ಅವರಲ್ಲಿಲ್ಲ. ಅದನ್ನು ವಿಮಾನ ನಿಲ್ದಾಣದ ಬಾಗಿಲಲ್ಲೇ ಮಾಡುವುದು ಅವರ ಮನೆಯ ಕ್ರಮ. ಆ ಮಾತು ನೆಬೀಸಕ್ಕನಿಗೆ ಎಷ್ಟು ತಾಗಿತೆಂದು ನನಗೆ ಗೊತ್ತು. ಅವರು ಇಡೀ ದಿನ ಅಕ್ಕಿಹಿಟ್ಟಿನ ಪತ್ತಿರ್ ಸುಟ್ಟು, ಉಪ್ಪಿನಕಾಯಿ ತುಂಬಿಸಿ, ಮಗನ ಪೆಟ್ಟಿಗೆ ಕಟ್ಟಿದರು. ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಬೇಲಿ ದಾಟಿ ಬಂದು, "ರೈಲಿಗೆ ಕಾರ್ಡು ಬೇಡ ಅಲ್ವ?" ಎಂದು ಕೇಳಿದರು. ನಾನು ಸೀರೆ ಬದಲಿಸಿದೆ.

ಕಾಣಿಯೂರು ಸ್ಟೇಶನ್ನಿನಿಂದ ಮಂಗಳೂರು, ಅಲ್ಲಿಂದ ಬಜ್ಪೆ ಬಸ್ಸು. ಕೆಂಜಾರಿನಲ್ಲಿ ಇಳಿದು ನಿಂತು ನಿಂತು ವಿಮಾನ ನಿಲ್ದಾಣದ ಗುಡ್ಡ ಹತ್ತಿದೆವು. ಒಳಗೆ ಹೋಗುವ ಬಾಗಿಲ ಬಳಿ ಕೂತು ಕಾದದ್ದೇ ಬಂತು, ಮಗನ ಸುಳಿವಿಲ್ಲ. ಮೆಲ್ಕಾರಿನ ಹತ್ತಿರ ಟ್ಯಾಂಕರೊಂದು ಅಡ್ಡ ನಿಂತು ಕಾರುಗಳ ಸಾಲು ಅಲ್ಲಾಡದೆ ಬಿದ್ದಿತ್ತಂತೆ. ಎಸಿ ಹಾಕಿಕೊಂಡು ಕೂತಿರಲಿ ಎಂದುಕೊಂಡೆ ನಾನು. ನೆಬೀಸಕ್ಕ ಮಾತ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಕೊನೆಗೂ ಬಂದರು. ಜಾಸಿರ್ ಪೆಟ್ಟಿಗೆ ದೂಡಿಕೊಂಡು ಓಡುತ್ತಿದ್ದ, ಹಿಂದೆ ಆದಂ ಕುಂಞಿ ಏದುಸಿರು ಬಿಡುತ್ತಿದ್ದ. ತಾಯಿಯನ್ನು ಕಂಡು ಜಾಸಿರ್ ಗಕ್ಕನೆ ನಿಂತ.

"ನೀವು ಹೇಗೆ ಬಂದದ್ದು?"

ಅವನು ಅಭ್ಯಾಸಬಲದಿಂದ ತಲೆ ಬಗ್ಗಿಸಿದ. ನೆಬೀಸಕ್ಕ ಆ ತಲೆ ಮುಟ್ಟಲಿಲ್ಲ. ಅಂಗೈ ಮುಂದೆ ಚಾಚಿದರು.

"ಕಾರ್ಡು."

"ಉಮ್ಮಾ, ನಂಗೆ ಹೊತ್ತಿಲ್ಲ!"

"ನಂಗೆ ಉಂಟು."

"ಎಂತ ಇದು, ಹೋಗುವ ಮಗನ ಹತ್ರ?" ಎಂದು ಆದಂ ಕುಂಞಿ ಬಾಯಿ ಹಾಕಿದ. "ನೀನು ಸುಮ್ನೆ ನಿಲ್ಲು," ಎಂದರು ನೆಬೀಸಕ್ಕ. ಇಷ್ಟು ವರ್ಷಗಳಲ್ಲಿ ಅವನಿಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ. ಬಾಗಿಲ ಪೊಲೀಸು ಗಡಿಯಾರ ನೋಡಿದ. ಜಾಸಿರ್ ಮುಖ ಸಿಂಡರಿಸಿ, ಪಾಸ್‌ಪೋರ್ಟಿನ ಚೀಲದಿಂದ ಕಾರ್ಡು ಎಳೆದು ತಾಯಿಯ ಕೈಗೆ ಬಡಿದ.

ಅವರು ಅದನ್ನು ತಿರುಗಿಸಿ ನೋಡಿ, ಪರ್ಸಿನಲ್ಲಿಟ್ಟು ಜಿಪ್ ಎಳೆದರು. ಆಮೇಲೆ ಮಗನ ತಲೆಯ ಮೇಲೆ ಕೈಯಿಟ್ಟು, ಒಂದಕ್ಷರವನ್ನೂ ಬಿಡದೆ ದುಆ ಮಾಡಿದರು. ಅವನು ತಲೆ ಎತ್ತಿದವನೇ ಒಳಗೆ ಹೋದ. ಹಿಂದೆ ತಿರುಗಿ ನೋಡಲಿಲ್ಲ.

ಗುಡ್ಡ ಇಳಿಯುವಾಗ ನೆಬೀಸಕ್ಕ ಬಿಕ್ಕಿ ಬಿಕ್ಕಿ ಅತ್ತರು. "ಒಮ್ಮೆ ತಿರುಗ್ಬಹುದಿತ್ತು" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬಿಳಿ ಕಾರು ಹಾರ್ನ್ ಹಾಕಿ ನಮ್ಮ ಪಕ್ಕ ನಿಧಾನ ಮಾಡಿತು. ಅವರು ಆ ಕಡೆ ಕಣ್ಣೂ ಹಾಯಿಸಲಿಲ್ಲ.

ಸಂಜೆಗೆ ಪುತ್ತೂರು ಬಸ್ಸಿನಲ್ಲಿ ಕೂತೆವು. ಕಂಡಕ್ಟರ್ ಬಂದು "ಕಾರ್ಡ್ ಕೊಡಿಯಮ್ಮ" ಎಂದು ಕೈ ನೀಡಿದ. ನೆಬೀಸಕ್ಕ ಕಾರ್ಡನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಅವನ ಮುಖದ ಮುಂದಿಟ್ಟರು.

"ನೋಡಿ," ಎಂದರು. "ಕೊಡುದಿಲ್ಲ."