ಚೆನ್ನಾಗಿದೆ ಎನ್ನಬಾರದ ಬೆಳೆ

ವಾಪಸ್ ಕೇಳದ ದುಡ್ಡು ಕೊಡುತ್ತೇವೆ ಎಂದು ಯಾರಾದರೂ ಬಂದರೆ, ಇವರ ಕಣ್ಣು ಯಾರ ಜಮೀನಿನ ಮೇಲಿದೆಯೋ ಎಂದೇ ನಮ್ಮ ಚನ್ನಪಟ್ಟಣದ ಕಡೆಯವರು ಮೊದಲು ಯೋಚಿಸುವುದು. ಹೆದ್ದಾರಿ ಅಗಲವಾದ ಮೇಲಂತೂ ಕುಡಿಯಲು ನೀರು ಕೇಳಿ ಬಂದವನೂ ನಮಗೆ ದಲ್ಲಾಳಿಯಾಗಿಯೇ ಕಾಣುತ್ತಾನೆ. ನಾನೂ ಅದೇ ಊರಿನ ನೀರು ಕುಡಿದವಳು. ಬೆಂಗಳೂರಿನ ದಾನಿಗಳ ಸಂಸ್ಥೆಯೊಂದು ನನ್ನ ಚಾಕಿ ಕೇಂದ್ರಕ್ಕೆ ನೆರವು ಕೊಡುತ್ತೇವೆ ಎಂದಾಗ ಎಷ್ಟೋ ದಿನ ಅವರ ಫೋನನ್ನೇ ಎತ್ತಲಿಲ್ಲ.

ಚಾಕಿ ಎಂದರೆ ಮರಿ ರೇಷ್ಮೆ ಹುಳು. ಮೊಟ್ಟೆಯೊಡೆದು ಬಂದ ಮರಿಗಳನ್ನು ಒಂದಿಷ್ಟು ದಿನ ಸಾಕಿ, ಗಟ್ಟಿಯಾದ ಮೇಲೆ ರೈತರಿಗೆ ಮಾರುವುದು ನನ್ನ ಕಸುಬು. ಅಕ್ಕೂರಿನ ಸುತ್ತ ಅರ್ಧ ಎಕರೆ, ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡವರೇ ನನ್ನ ಗಿರಾಕಿಗಳು. ಬೇಸಿಗೆಯಲ್ಲಿ ನನ್ನ ಶೀಟಿನ ಮನೆ ಕಾದು ಮರಿಗಳು ಸಾಯುತ್ತಿದ್ದವು. ಆಗ ಅವರಿಗೂ ಬೆಳೆ ಇಲ್ಲ, ನನಗೂ ವ್ಯಾಪಾರವಿಲ್ಲ. ತಣ್ಣನೆಯ ಕೋಣೆ ಕಟ್ಟದಿದ್ದರೆ ಕೇಂದ್ರ ಮುಚ್ಚುವುದೇ ಸರಿ ಎನ್ನುವಂತಾದಾಗ ಸಂಸ್ಥೆಗೆ ಹೂಂ ಎಂದೆ. ಅವರು ಮೊದಲು ಕೊಟ್ಟ ಅರ್ಧ ದುಡ್ಡಿನಲ್ಲಿ ಗೋಡೆ ಎದ್ದಿತು. ಉಳಿದದ್ದು ರೈತರನ್ನು ವಿಚಾರಿಸಿದ ಮೇಲೆ ಎಂದರು.

ಎಡವಟ್ಟಾಗಿದ್ದು ಅಲ್ಲೇ. ಹುಳು ತಟ್ಟೆಯಲ್ಲಿರುವಾಗ ನಮ್ಮಲ್ಲಿ ಯಾರೂ ಬೆಳೆ ಚೆನ್ನಾಗಿದೆ ಎನ್ನುವುದಿಲ್ಲ. ಅಂದರೆ ದೃಷ್ಟಿಯಾಗುತ್ತದೆ, ಹುಳು ಕೆಡುತ್ತದೆ. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ ಬಂದ ಮೇಲೂ ಬಾಯಿ ಬಿಡುವವರು ಕಮ್ಮಿ, ಏಕೆಂದರೆ ಅಷ್ಟರಲ್ಲಿ ಮುಂದಿನ ಹುಳು ಮನೆಗೆ ಬಂದಿರುತ್ತದೆ. ಸಂಸ್ಥೆಯ ಹುಡುಗಿ ಸ್ಕೂಟರಿನಲ್ಲಿ ಮನೆಮನೆಗೂ ಹೋಗಿ, ಮೊಬೈಲ್ ಹಿಡಿದು, ಈ ಕೇಂದ್ರದ ಹುಳು ಹೇಗಿದೆ ಎಂದು ಕೇಳಿದಳು. ಎಲ್ಲರದೂ ಒಂದೇ ಮಾತು.

“ಏನೋ ಐತೆ ಬುಡವ್ವ, ಸುಮಾರು.”

ಒಬ್ಬ ಮಹಾನುಭಾವನಂತೂ, “ಹುಳಿನ್ ಕತೆ ಏನ್ ಕೇಳ್ತೀಯ, ನಮ್ ಹಣೇಬರಾನೇ ಸರ್ಯಾಗಿಲ್ಲ” ಎಂದನಂತೆ. ಅವನ ಮನೆಯಲ್ಲಿ ಆಗ ಹುಳು ಬೆರಳುದ್ದ ಬೆಳೆದು ತಟ್ಟೆ ತುಂಬಿತ್ತು!

ಹುಡುಗಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮೇಡಂ, ಒಬ್ಬರೂ ಒಳ್ಳೆ ಮಾತು ಹೇಳಲಿಲ್ಲ. ಉಳಿದ ಹಣ ಕೊಡಿ ಅಂತ ನಾನು ಹೇಗೆ ಬರೀಲಿ?”

ದೃಷ್ಟಿಯ ವಿಷಯ ಹೇಳಿದೆ. ಅವಳು ನಕ್ಕಳೇ ಹೊರತು ನಂಬಲಿಲ್ಲ. ಕೆಲಸ ಕೆಡಿಸಿಕೊಂಡವಳ ನೆಪದ ಹಾಗೆ ಕೇಳಿಸಿರಬೇಕು. ಇಷ್ಟು ದಿನ ನಾನು ಅವರನ್ನು ಅನುಮಾನಿಸುತ್ತಿದ್ದೆ, ಈಗ ಅವರ ಸರದಿ.

ನಾನೇ ರೈತರ ಹತ್ತಿರ ಹೋಗಿ, ಒಂದು ಒಳ್ಳೆ ಮಾತು ಹೇಳ್ರಪ್ಪ ಎಂದು ಬೇಡಿಕೊಂಡೆ. ಅದರಿಂದ ಇನ್ನಷ್ಟು ಕೆಟ್ಟಿತು. “ಹೊಗಳಿಸ್ಕಂಡು ನಿಂಗೇನಾಗ್ಬೇಕೈತೆ? ನಮ್ ಹೆಸ್ರಲ್ಲಿ ಸಾಲ ಗೀಲ ಎತ್ತಿದ್ದೀಯೇನವ್ವ?” ಎಂದು ಒಬ್ಬ ಮುಖಕ್ಕೆ ಹೊಡೆದಂತೆ ಕೇಳಿದ. ಅಲ್ಲಿದ್ದ ಇನ್ನೂ ಕೆಲವರು, ಮುಂದಿನ ಸಲ ಕನಕಪುರದ ಕಡೆಯಿಂದ ಹುಳು ತರುತ್ತೇವೆ ಎಂದರು. ಮೈಯೆಲ್ಲ ಉರಿಯಿತು. ಆದರೆ ಅವರ ಜಾಗದಲ್ಲಿದ್ದರೆ ನಾನು ಇದಕ್ಕಿಂತ ಕೆಟ್ಟದಾಗಿ ಕೇಳುತ್ತಿದ್ದೆ.

ನನಗೆ ದಿಕ್ಕಾಗಿ ಉಳಿದವಳು ಒಬ್ಬ ಅಕ್ಕ. ನೆಂಟರವಳಲ್ಲ, ನನ್ನ ಮೊದಲ ಗಿರಾಕಿ. ಹುಳು ಮನೆಯ ಬಾಗಿಲನ್ನು ಸ್ವಂತ ತಂಗಿಗೂ ತೆರೆಯದ ಅವಳು ನನ್ನನ್ನು ಮಾತ್ರ, ರೋಗ ಬರದಿರಲಿ ಎಂದು ಸುಣ್ಣದ ಪುಡಿ ತುಳಿಸಿ, ಒಳಗೆ ಬಿಡುತ್ತಿದ್ದಳು. ಇಬ್ಬರೂ ಸೊಪ್ಪು ಹಾಕುತ್ತ ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು. ಅನುಮಾನ ಬದಿಗಿಟ್ಟು ಕೂರಲು ನನಗಿದ್ದದ್ದು ಅದೊಂದೇ ಜಾಗ.

ಹುಡುಗಿಯನ್ನು ಅವಳ ಜಗಲಿಗೆ ಕರೆದುಕೊಂಡು ಹೋದೆ. ಒಳಗೆ ಹುಳು ಕೊನೆಯ ಹಂತದಲ್ಲಿತ್ತು. ಒಂದು ವಾರ ಕಳೆದರೆ ಗೂಡು ಕಟ್ಟುತ್ತದೆ, ಕೆಟ್ಟರೂ ಈಗಲೇ ಕೆಡುತ್ತದೆ. ಹುಡುಗಿ ಮೊಬೈಲ್ ಹಿಡಿದು ಅದೇ ಪ್ರಶ್ನೆ ಕೇಳಿದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಬೇಡಿದೆ.

“ಚೆನ್ನಾಗೈತೆ” ಎಂದಳು. “ಇವ್ಳು ಕೊಡೋ ಹುಳ ಯಾವತ್ತೂ ಕೈ ಕೊಟ್ಟಿಲ್ಲ. ಈಗ್ಲೂ ಚೆನ್ನಾಗೈತೆ.”

ಹೇಳಿದವಳೇ ಅಡುಗೆಮನೆಗೆ ಹೋಗಿ ಹಿಡಿ ಉಪ್ಪು ತಂದು, ಹುಳು ಮನೆಯ ಬಾಗಿಲಿಗೆ ನಿವಾಳಿಸಿ ನೀರಿಗೆ ಹಾಕಿದಳು. ಹುಡುಗಿ ಅದನ್ನೂ ವಿಡಿಯೊ ಮಾಡಿಕೊಂಡಳು.

ವಾರದೊಳಗೆ ಹಣ ಮಂಜೂರಾಯಿತು. ಸುದ್ದಿ ಹೇಳಲು ಓಡಿದೆ. ಚಪ್ಪಲಿ ಬಿಟ್ಟು ಒಳಗೆ ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹುಳು ಹೋಯಿತೇನೋ ಎಂದುಕೊಂಡೆ.

“ಹುಳಕ್ಕೇನಾಗಿಲ್ಲ, ಗೂಡ್ ಕಟ್ತಾವೆ. ನೀನ್ ಒಳೀಕೆ ಬರ್ಬ್ಯಾಡ ಕಣವ್ವ. ಅವತ್ತು ನಿನ್ ಮೊಕ ನೋಡಿ ಅಂದ್ಬುಟ್ಟೆ. ಅವತ್ತಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಈಗ ನೀನ್ ಬಂದ್ರೂ ಭಯ ಆಯ್ತದೆ, ಇನ್ಯಾರ್ನ ಕರ್ಕಂಡ್ ಬತ್ತೀಯೋ, ಇನ್ನೇನ್ ಅನ್ನುಸ್ತೀಯೋ ಅಂತ.”

“ಇನ್ಯಾರ್ನೂ ಕರ್ಕಂಡ್ ಬರಲ್ಲ ಕಣಕ್ಕ” ಎಂದೆ. ಅವಳು ಆಗದು ಎಂಬಂತೆ ತಲೆಯಾಡಿಸಿದಳು. ಜಗಲಿಯ ಮೇಲೆ ಚಾಪೆ ಹಾಸಿ, ದೂರದ ನೆಂಟರಿಗೆ ಕೊಡುವ ಹಾಗೆ ಕಾಫಿಯನ್ನು ತಟ್ಟೆಯಲ್ಲಿಟ್ಟು ತಂದಳು.

ಕೋಣೆ ಮುಗಿಯಿತು. ಈ ಬೇಸಿಗೆಯಲ್ಲಿ ಮರಿಗಳು ಬದುಕಿದವು, ಬಿಟ್ಟು ಹೋದವರೂ ವಾಪಸ್ ಬಂದರು. ಅಕ್ಕನೂ ನನ್ನಲ್ಲೇ ಹುಳು ತೆಗೆದುಕೊಳ್ಳುತ್ತಾಳೆ. ನಾನು ತಟ್ಟೆಗಳನ್ನು ಜಗಲಿಯ ಮೇಲಿಟ್ಟು ರಸ್ತೆಗೆ ಇಳಿಯುವವರೆಗೆ ಕಾಯುತ್ತಾಳೆ. ಆಮೇಲೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.